ರಜೆ ತಪ್ಪಿದ್ದಕ್ಕೆ ಭತ್ಯೆ

ಹೆಣ್ಣು ನೋಡಲು ಬಂದ ಗಂಡಿನ ಅಪ್ಪ, ಹೆಣ್ಣು ಬಾಗಿಲಿಗೆ ಬಂದ ಕೂಡಲೇ ಗಡಬಡಿಸಿ ಎದ್ದು ನಿಂತು ಕೈಮುಗಿದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಾನು ಕಂಡೆ. ಹೋದ ವಾರ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ. ಅವರು ಬರೀ ಎದ್ದು ನಿಲ್ಲಲಿಲ್ಲ. ಕೈಯಲ್ಲಿದ್ದ ಮಂಡಕ್ಕಿ ಒಗ್ಗರಣಿ, ಮಿರ್ಚಿಯ ತಟ್ಟೆಯನ್ನು ಪಕ್ಕದಲ್ಲಿ ಕೂತಿದ್ದವರ (ಅಂದರೆ ನನ್ನ) ತೊಡೆಯ ಮೇಲಿಟ್ಟು, "ಮೇಡಂ, ಗಾಡಿ ಈಗ ತಗಸ್ತೀನ್ರಿ, ಎರಡ ಮಿನಿಟ್" ಎಂದರು.

ಬಾಗಿಲಲ್ಲಿ ನಿಂತವಳು ಖಾಕಿ ಪ್ಯಾಂಟು, ಖಾಕಿ ಶರ್ಟು ತೊಟ್ಟಿದ್ದಳು. ಕಾಲಲ್ಲಿ ಬೂಟು, ಕಂಕುಳಲ್ಲಿ ಟೋಪಿ. ಮುಖದ ಮೇಲೆ ಮಸ್ಕಿ ರಸ್ತೆಯ ಧೂಳು. ಅವಳು ಯಾರ ಗಾಡಿ ತೆಗೆಸಲೂ ಬಂದಿರಲಿಲ್ಲ. ಅವತ್ತು ನೋಡಬೇಕಾಗಿದ್ದ ಹೆಣ್ಣು ಅವಳೇ.

ಅವಳೂ ಪಾಪ, ಗಲಿಬಿಲಿಗೊಂಡು, "ಇರ್ಲಿ ಬಿಡ್ರಿ, ಗಾಡಿ ಅಲ್ಲೇ ಇರ್ಲಿ" ಎಂದುಬಿಟ್ಟಳು. ಅಭ್ಯಾಸ ನೋಡಿ.

ಗಂಡಿನ ಅಪ್ಪ ಸಿಂಧನೂರಿನ ಬಟ್ಟೆ ಅಂಗಡಿಯವರು, ಚನ್ನಬಸಪ್ಪ ಸಾವ್ಕಾರ್ರು. ಒಳ್ಳೆಯ ಮನುಷ್ಯ. ಆದರೆ ತಮ್ಮದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ದಂಡ ಕಟ್ಟಿದ ಮೇಲೆ, ಖಾಕಿ ಕಂಡರೆ ಸಾಕು, ಅವರ ಕೈ ತಾನಾಗಿಯೇ ಜೇಬಿನಲ್ಲಿ ಕೀಲಿಕೈ ಹುಡುಕುತ್ತದೆಯಂತೆ. ವ್ಯಾಪಾರಸ್ಥರ ಕಷ್ಟ ವ್ಯಾಪಾರಸ್ಥರಿಗೇ ಗೊತ್ತು.

ನಾನು ಅಲ್ಲೇಕಿದ್ದೆ ಅಂತ ಕೇಳುತ್ತೀರಿ. ಹುಡುಗಿ ಶಿವಲೀಲಾ ಲಿಂಗಸುಗೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್. ನಮ್ಮ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಅವಳ ಅಪ್ಪ ಅಮರಪ್ಪ ಪಾಮನಕಲ್ಲೂರಿನಲ್ಲಿ ಮಳೆ ನಂಬಿ ತೊಗರಿ ಬೆಳೆಯುವವರು. "ನಮಗ ಮಾತು ಬರಂಗಿಲ್ರಿ ಅಕ್ಕಾರ. ನೀವು ಪೇಪರ್‌ನ್ಯಾಗ ಬರ್ಯೋರು, ಬಂದು ಕೂಡ್ರಿ ಸಾಕು" ಎಂದು ಕರೆದಿದ್ದರು. (ಪೇಪರಿನಲ್ಲಿ ಬರೆಯುವವರಿಗೆ ಮಾತು ಬರುತ್ತದೆ ಎಂಬ ಈ ನಂಬಿಕೆ ಎಲ್ಲಿಂದ ಹುಟ್ಟಿತೋ!)

ಅವತ್ತು ಶಿವಲೀಲಾಳ ವಾರದ ರಜೆ. ಅದಕ್ಕೇ ಆ ದಿನ ಗೊತ್ತುಮಾಡಿದ್ದು. ಸೀರೆ ಇಸ್ತ್ರಿಯಾಗಿತ್ತು, ಬಳೆ ಬಂದಿದ್ದವು. ಬೆಳಿಗ್ಗೆ ಫೋನ್ ಬಂತು. ಕಾಲುವೆ ಕೊನೆಯ ಹೊಲಗಳಿಗೆ ನೀರು ಬಂದಿಲ್ಲವೆಂದು ರೈತರು ಮಸ್ಕಿಯಲ್ಲಿ ರಸ್ತೆ ತಡೆಗೆ ಕೂತಿದ್ದಾರೆ, ಬಂದೋಬಸ್ತ್‌ಗೆ ಹೊರಡು ಅಂತ. ರಜೆ ಹೋಯಿತು. ಸಾಹೇಬರನ್ನು ಬೇಡಿಕೊಂಡು ಒಂದು ತಾಸಿನ ಪರವಾನಗಿ ತೆಗೆದುಕೊಂಡು, ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದಳು. ಸೀರೆ ಉಡಲು ಪುರುಸೊತ್ತೆಲ್ಲಿ? ಉಟ್ಟು ಮತ್ತೆ ಬಿಚ್ಚಿ ಖಾಕಿ ಹಾಕುವುದರಲ್ಲೇ ತಾಸು ಮುಗಿಯುತ್ತದೆ.

ಹಾಗಾಗಿ ನಮ್ಮ ಕಡೆಯ ಇತಿಹಾಸದಲ್ಲೇ ಮೊದಲ ಸಲ (ಅಂತ ನಾನು ಅಂದುಕೊಂಡಿದ್ದೇನೆ, ಬೇರೆ ಇದ್ದರೆ ತಿಳಿಸಿ) ಬೆಲ್ಟು ಕಟ್ಟಿದ ಹೆಣ್ಣನ್ನು ನೋಡುವ ಶಾಸ್ತ್ರ ನಡೆಯಿತು.

ಎದುರು ಚಾಪೆಯ ಮೇಲೆ ಗಂಡು ವಿರೂಪಾಕ್ಷ. ಅಂಗಡಿ ನೋಡಿಕೊಳ್ಳುವ ಹುಡುಗ, ಮಿತಭಾಷಿ. ಅವನ ಪಕ್ಕ ತಾಯಿ ಗೌರಮ್ಮ. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಒಂದು ಚೀಲ. ಚೀಲದಲ್ಲಿ ಉಡಿ, ಅಂದರೆ ಸೆರಗಿನ ಮಡಿಲು, ತುಂಬುವ ಸಾಮಾನು. ಹುಡುಗಿ ಒಪ್ಪಿಗೆಯಾದರೆ ಅಲ್ಲೇ ಉಡಿ ತುಂಬಿ ಮಾತು ಗಟ್ಟಿ ಮಾಡಿಕೊಂಡು ಹೋಗುವುದು ಅವರ ಲೆಕ್ಕ. ಗೌರಮ್ಮ ಒಮ್ಮೆ ಚೀಲ ನೋಡಿದರು, ಒಮ್ಮೆ ಹುಡುಗಿಯ ಬೆಲ್ಟು ನೋಡಿದರು. ಉಡಿಯನ್ನು ಎಲ್ಲಿ ತುಂಬುವುದು ಎಂಬ ಚಿಂತೆ ಅವರ ಮುಖದಲ್ಲೇ ಬರೆದಂತಿತ್ತು.

ಸಾವ್ಕಾರ್ರು ಸುಧಾರಿಸಿಕೊಂಡು, ನನ್ನ ತೊಡೆಯಿಂದ ತಟ್ಟೆ ವಾಪಸು ತೆಗೆದುಕೊಂಡು, ವ್ಯವಹಾರಕ್ಕೆ ಇಳಿದರು.

"ತಂಗಿ, ಸಿಟ್ಟಾಗಬ್ಯಾಡ. ನಿಮ್ಮ ಪಗಾರದ ಹಕೀಕತ್ ಹೆಂಗ?"

ಶಿವಲೀಲಾ ಸಿಟ್ಟಾಗಲಿಲ್ಲ. ಠಾಣೆಯಲ್ಲಿ ಇದಕ್ಕಿಂತ ವಕ್ರ ಪ್ರಶ್ನೆಗಳನ್ನು ಕೇಳಿ ಕೇಳಿ ಅವಳಿಗೆ ರೂಢಿ. ಮೊತ್ತ ಹೇಳಿದಳು. (ಆ ಅಂಕಿ ನಾನಿಲ್ಲಿ ಬರೆಯುವುದಿಲ್ಲ. ಒಂದು ಪಡಸಾಲೆ ತುಂಬ ಜನ ಕೇಳಿದ್ದೇ ಸಾಕು.) ಮೂಲ ವೇತನ ಇಷ್ಟು, ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟು ಇಷ್ಟು, ಅದರ ಮೇಲೆ ತುಟ್ಟಿಭತ್ಯೆ.

"ತುಟ್ಟಿಭತ್ಯೆ ಅಂದ್ರ?"

"ಸಾಮಾನು ತುಟ್ಟಿ ಆದ್ಹಂಗ ಸರ್ಕಾರ ಅದನ್ನ ಆಗಾಗ ಏರಿಸ್ತೈತ್ರಿ. ಏರಿಸೋ ಆರ್ಡರ್ ತಡಾ ಆಗಿ ಬಂದ್ರ, ಹಿಂದಿನ ತಿಂಗಳದ್ದೆಲ್ಲಾ ಕೂಡಿಸಿ ಒಮ್ಮೆಲೇ ಕೊಡ್ತಾರ. ಅದಕ್ಕ ಅರಿಯರ್ಸ್ ಅಂತಾರ."

"ಹಿಂದಿಂದೂ ಕೊಡ್ತಾರ!" ಸಾವ್ಕಾರ್ರಿಗೆ ಆಶ್ಚರ್ಯ. "ನೋಡು, ನಮ್ಮ ಉದ್ರಿ ಗಿರಾಕಿಗಳಿಗೆ ಈ ಬುದ್ಧಿ ಬರಬೇಕು."

ಆಮೇಲೆ ಮನೆ ಬಾಡಿಗೆ ಭತ್ಯೆ. ಊರು ದೊಡ್ಡದಾದಷ್ಟು ಅದು ಜಾಸ್ತಿ, ನಮ್ಮಂಥ ಊರಿಗೆ ಕಡಿಮೆ. ಪೊಲೀಸ್ ಕ್ವಾರ್ಟರ್ಸ್ ಸಿಕ್ಕರೆ ಅದೂ ಇಲ್ಲ. ಅವಳಿಗೆ ಕ್ವಾರ್ಟರ್ಸ್ ಸಿಕ್ಕಿಲ್ಲ, ನಾನು ಸಿಕ್ಕಿದ್ದೇನೆ. ಸರ್ಕಾರ ಅವಳಿಗೆ ಕೊಡುವ ಬಾಡಿಗೆಗೂ ನಾನು ಅವಳಿಂದ ಇಸಿದುಕೊಳ್ಳುವ ಬಾಡಿಗೆಗೂ ಇರುವ ಅಂತರವನ್ನು ಅವಳು ಸಭೆಯಲ್ಲಿ ಹೇಳಲಿಲ್ಲ. ದೊಡ್ಡ ಮನಸ್ಸು.

ಸಮವಸ್ತ್ರಕ್ಕೆ ಒಂದು ಭತ್ಯೆ. ಬಟ್ಟೆ ವ್ಯಾಪಾರಿ ಅಲ್ಲವೇ, ಸಾವ್ಕಾರ್ರು ಕಿವಿ ನಿಮಿರಿಸಿದರು. ಬಿಸಿಲಿಗೆ ಬಣ್ಣ ಹೋಗುವುದಕ್ಕೂ ಹೊಸದಕ್ಕೆ ದುಡ್ಡು ಬರುವುದಕ್ಕೂ ತಾಳೆಯಿಲ್ಲ ಅಂತ ಹುಡುಗಿ ಹೇಳಿದಾಗ, ಅವರು ಬಗ್ಗಿ ಅವಳ ತೋಳಿನ ಬಟ್ಟೆಯನ್ನು ಕಣ್ಣಲ್ಲೇ ಅಳೆದು, "ಹೌದೌದು, ಮಾಲು ಹಗೂರ ಐತಿ" ಎಂದರು.

ಹೊರಗಿನ ಊರಿಗೆ ಬಂದೋಬಸ್ತ್‌ಗೆ ಕಳಿಸಿದರೆ ದಿನಭತ್ಯೆ. ಬಿಲ್ಲು ಬರೆದು, ಸಹಿಯಾಗಿ, ಪಾಸಾಗಿ, ಉಂಡದ್ದು ಯಾವ ಊರಲ್ಲಿ ಅನ್ನುವುದೇ ಮರೆತ ಮೇಲೆ ಬರುವ ದುಡ್ಡು ಅದು. ಇನ್ನೊಂದು, ಕಷ್ಟ ಪರಿಹಾರ ಭತ್ಯೆ.

"ಕಷ್ಟಕ್ಕೂ ಭತ್ಯೆ ಕೊಡ್ತಾರಾ?"

ಇದನ್ನು ಕೇಳಿದ್ದು ಗೌರಮ್ಮ. ಅವರ ಬಾಯಿಂದ ಬಂದ ಮೊದಲ ಮಾತು ಇದು.

"ಹೂನ್ರಿ ಅಮ್ಮಾರ. ಸ್ವಲ್ಪ ಕೊಡ್ತಾರ."

"ಸ್ವಲ್ಪರ ಕೊಡ್ತಾರಲ್ಲ" ಎಂದರು ಗೌರಮ್ಮ.

"ಅದಿರ್ಲಿ, ಬೋನಸ್?" ಸಾವ್ಕಾರ್ರು ಮುಂದುವರಿದರು. "ನಾ ದೀಪಾವಳಿಗೆ ನಮ್ಮ ಆಳುಗಳಿಗೆ ಒಂದು ಪಗಾರ ಬೋನಸ್ ಕೊಡ್ತೀನಿ, ಮ್ಯಾಲ ಒಂದು ಜೋಡು ಬಟ್ಟಿ. ನಿಮಗ?"

"ನಮಗ ದೀಪಾವಳಿಗೆ ಪಟಾಕಿ ಅಂಗಡಿ ಮುಂದ ಡ್ಯೂಟಿ ಕೊಡ್ತಾರ್ರಿ."

ವಿರೂಪಾಕ್ಷ ನಕ್ಕುಬಿಟ್ಟ. ಅಪ್ಪ ಅವನ ಕಡೆ ತಿರುಗಿದರು, ನಗು ಅಲ್ಲೇ ನಿಂತಿತು.

ಬೋನಸ್ ಇಲ್ಲ, ಓವರ್‌ಟೈಮ್ ಇಲ್ಲ. ಬಹುಮಾನ ಅಂತ ಒಂದಿದೆ. ಶಿವಲೀಲಾ ಒಮ್ಮೆ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬರ ಕಿವಿಯ ಬೆಂಡೋಲಿಗೆ ಕೈಹಾಕಿದವನನ್ನು ಓಡಿ ಹಿಡಿದಿದ್ದಳು. ಸಾಹೇಬರು ಶಭಾಷ್ ಅಂದು ನಗದು ಬಹುಮಾನ ಬರೆದರು, ಇಡೀ ತಂಡಕ್ಕೆ. ಹಂಚಿದಾಗ ಇವಳ ಪಾಲಿಗೆ ಬಂದದ್ದರಲ್ಲಿ ಠಾಣೆಗೆಲ್ಲ ಪೇಢೆ ಹಂಚಬೇಕಾಯಿತು. ಪೇಢೆಗೆ ಕೈಯಿಂದ ಸೇರಿಸಿ ಕೊಟ್ಟಳು. ಕಳ್ಳನನ್ನು ಹಿಡಿದು ನಷ್ಟ ಮಾಡಿಕೊಂಡ ಹುಡುಗಿ ಅಂತ ನಾನು ಈಗಲೂ ಅವಳನ್ನು ಕಾಡಿಸುತ್ತೇನೆ.

ಇಷ್ಟಾದ ಮೇಲೆ ಸಾವ್ಕಾರ್ರು ಸ್ವಲ್ಪ ಮುಂದೆ ಬಾಗಿ, ದನಿ ಇಳಿಸಿ, ನಮ್ಮ ದೇಶದಲ್ಲಿ ಖಾಕಿ ಕಂಡವರೆಲ್ಲ ಕೇಳುವ ಆ ಪ್ರಶ್ನೆ ಕೇಳಿದರು. "ಮತ್ತ... ಮ್ಯಾಲಿಂದು?"

"ಮ್ಯಾಲಿಂದ ನಮಗ ಮೆಮೋ ಬರ್ತಾವ್ರಿ" ಎಂದಳು. ಮುಖದಲ್ಲಿ ನಗು ಇರಲಿಲ್ಲ.

ಖಾಕಿಯಲ್ಲಿ ಕೈ ಚಾಚುವವರೇ ಇಲ್ಲ ಅಂತ ನಾನು ಹೇಳಿದರೆ ನೀವು ಈ ಪುಟ ಹರಿದು ಮಿರ್ಚಿ ಕಟ್ಟಿಸಿಕೊಂಡು ಬರುತ್ತೀರಿ. ಇದ್ದಾರೆ. ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಕೈ ಚಾಚದ ಹುಡುಗಿ ಎದುರು ಕೂತಾಗಲೂ ಅದೇ ಪ್ರಶ್ನೆ ಕೇಳುತ್ತೇವಲ್ಲ, ಅದು ಅವಳಿಗೆ ಹೇಗೆ ತಾಗುತ್ತದೆ ಅಂತ ಯಾರಾದರೂ ಯೋಚಿಸಿದ್ದೇವಾ? ನನಗೆ ಅವತ್ತು ನಿಜವಾಗಿ ಸಂಕಟವಾಯಿತು.

ಸಾವ್ಕಾರ್ರು ಮಾತು ಮರೆಸಿದರು. "ಮತ್ತೇನೈತಿ?"

"ವಾರದ ರಜಾ ದಿನ ಡ್ಯೂಟಿ ಮಾಡಿದ್ರ ಅದಕ್ಕೊಂದು ಭತ್ಯೆ ಬರ್ತೈತ್ರಿ. ಇವತ್ತಿಂದು ಬರ್ತೈತಿ ನೋಡ್ರಿ."

ಸಾವ್ಕಾರ್ರ ಮುಖ ಅರಳಿತು. "ಅಂದ್ರ ರಜಾ ತಗೊಳ್ಳಿಲ್ಲಂದ್ರ ರೊಕ್ಕ ಜಾಸ್ತಿ! ಹಂಗಾದ್ರ ರಜಾ ಯಾಕ ತಗೋಬೇಕು? ಎಲ್ಲಾ ವಾರ ಮಾಡಿಬಿಡೋದು!"

ಅವರ ಮನಸ್ಸಿನಲ್ಲಿ ಅದು ಲಾಭದ ಕಡೆ ಕೂತುಬಿಟ್ಟಿತ್ತು. ಬೋನಸ್ ಇಲ್ಲ ಅಂತ ಬೇಜಾರಾಗಿದ್ದವರಿಗೆ ಕೊನೆಗೂ ಒಂದು ಬೋನಸ್ ಸಿಕ್ಕಿತ್ತು.

ನನಗೆ ನಮ್ಮ ಮಹಡಿಯ ಮೆಟ್ಟಿಲು ನೆನಪಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಅವಳ ಬೂಟಿನ ಸದ್ದು ಕೇಳುತ್ತದೆ. ರಜೆ ಇದೆ ಅನ್ನುವ ಹಿಂದಿನ ದಿನ ಆ ಸದ್ದು ಬೇರೆ. ಎರಡೆರಡು ಮೆಟ್ಟಿಲು ಹಾರಿ ಬರುತ್ತಾಳೆ. "ಅಕ್ಕಾರ, ನಾಳೆ ನನ್ನ ಎಬ್ಬಸಬ್ಯಾಡ್ರಿ" ಅನ್ನುತ್ತಾಳೆ. ಬೆಳಿಗ್ಗೆ ಫೋನ್ ಬಂದು ಆ ರಜೆ ಹೋದರೆ, ಮೆಟ್ಟಿಲು ಇಳಿಯುವ ಸದ್ದೂ ಬೇರೆ.

ಮುದಗಲ್ಲಿನ ಮೊಹರಂಗೆ ನಾವೆಲ್ಲ ಹೋಗುತ್ತೇವೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತೇವೆ. ಅವಳೂ ಅಲ್ಲೇ ಇರುತ್ತಾಳೆ. ಆದರೆ ನೋಡುವುದಿಲ್ಲ. ಅವಳ ಬೆನ್ನು ಹಬ್ಬದ ಕಡೆ, ಮುಖ ನಮ್ಮ ಕಡೆ. ಪ್ರತಿ ವರ್ಷ ಅಲ್ಲೇ ನಿಂತರೂ ಅವಳು ಮೊಹರಂ ನೋಡಿಲ್ಲ ಅಂತ ನನಗೆ ಹೇಳಿದಾಗ ನಾನು ನಂಬಿರಲಿಲ್ಲ. ನೀವೇ ಒಮ್ಮೆ ಗಮನಿಸಿ.

ಇತ್ತ ಪಡಸಾಲೆಯಲ್ಲಿ ಶಿವಲೀಲಾ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, "ನಾ ಒಂದು ಕೇಳ್ಲೇನ್ರಿ?" ಎಂದಳು.

"ಕೇಳು ತಂಗಿ."

"ನಿಮ್ಮ ಮನ್ಯಾಗ ಎಷ್ಟು ಮಂದಿ ಊಟಕ್ಕಿರ್ತಾರ್ರಿ?"

ಸಾವ್ಕಾರ್ರು ಎದೆಯುಬ್ಬಿಸಿದರು. "ಅಂಗಡಿ ಆಳುಗಳು ಸೈತ ನಮ್ಮ ಮನ್ಯಾಗ ಉಣ್ತಾರ! ಹೋಟೆಲ್ ಮುಖ ನೋಡಂಗಿಲ್ಲ. ನಮ್ಮಾಕಿ ಕೈ ರೊಟ್ಟಿ ತಿಂದಂವ ಕೆಲಸ ಬಿಟ್ಟು ಹೋಗಂಗಿಲ್ಲ."

"ಹಂಗಾದ್ರ, ವಾರಕ್ಕೊಮ್ಮೆ ನನಗ ಠಾಣೆಯಿಂದ ರಜಾ ಸಿಕ್ಕ ದಿನ, ನಿಮ್ಮ ಮನ್ಯಾಗೂ ನನಗ ರಜಾ ಇರ್ತೈತೇನ್ರಿ?"

ಅಮರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಮನಿ ಅಂದ್ರ ಮನಿ ತಂಗಿ. ಅಲ್ಲೆಂಥಾ ರಜಾ?" ಸಾವ್ಕಾರ್ರು ನಗಲು ನೋಡಿದರು.

"ಅಪ್ಪಾ, ನಮ್ಮ ಅಂಗಡಿಗೂ ವಾರಕ್ಕೊಂದಿನ ರಜಾ ಐತಲ್ಲ" ಎಂದ ವಿರೂಪಾಕ್ಷ. ಅವನು ಅವತ್ತು ಆಡಿದ ಮಾತು ಅದೊಂದೇ.

"ಅಂಗಡಿ ಬ್ಯಾರೆ, ಮನಿ ಬ್ಯಾರೆ. ನೀ ಸುಮ್ನಿರು."

ಗೌರಮ್ಮ ಮಾತ್ರ ಹುಡುಗಿಯನ್ನೇ ದಿಟ್ಟಿಸಿ ನೋಡುತ್ತಿದ್ದರು. ಸಿಟ್ಟೋ ಮತ್ತೊಂದೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಶಿವಲೀಲಾಳ ಫೋನ್ ಬಡಿದುಕೊಂಡಿತು. ರಸ್ತೆ ತಡೆ ಜೋರಾಗಿತ್ತು. ಅವಳು ಎದ್ದು ಎಲ್ಲರಿಗೂ ಕೈಮುಗಿದು, ಟೋಪಿ ಹಾಕಿಕೊಂಡು ಹೊರಟಳು. ಒಗ್ಗರಣಿಯನ್ನು ಮುಟ್ಟಿರಲೇ ಇಲ್ಲ.

"ಮನ್ಯಾಗ ಮಾತಾಡಿ ತಿಳಸ್ತೀವಿ" ಎಂದರು ಸಾವ್ಕಾರ್ರು. ಗೌರಮ್ಮ ಚೀಲದ ಬಾಯಿ ಕಟ್ಟಿ ಎತ್ತಿಕೊಂಡರು. ಉಡಿ ತುಂಬುವ ಸಾಮಾನು ಬಂದ ಹಾದಿಯಲ್ಲೇ ವಾಪಸು ಹೋಯಿತು.

ಗಾಡಿ ಮರೆಯಾಗುತ್ತಲೇ ಅಮರಪ್ಪ ಕಟ್ಟೆಯ ಮೇಲೆ ಕುಸಿದು ಕೂತರು. "ಆಕಿಗೆ ಬೇಕಾಗಿತ್ತೇನ್ರಿ ಆ ಮಾತು? ಇದರಾಗ ಏನ ಕಮ್ಮಿ ಇತ್ತು? ಛಲೋ ಮಂದಿ, ಹುಡುಗ ಕುಡ್ಯಂಗಿಲ್ಲ, ಸೇದಂಗಿಲ್ಲ."

ಅವರ ಸಂಕಟವೂ ಸುಳ್ಳಲ್ಲ. ಮೊದಲು ಬಂದ ಒಂದು ಸಂಬಂಧದವರು ನೌಕರಿ ಬಿಡಿಸಿ ಎಂದಿದ್ದರು. ಇನ್ನೊಬ್ಬರು ನೌಕರಿ ಇರಲಿ, ಸಂಬಳದ ಎಟಿಎಂ ಕಾರ್ಡು ಅತ್ತೆಯ ಕೈಯಲ್ಲಿರಲಿ ಎಂದಿದ್ದರು. ಎರಡಕ್ಕೂ ಹುಡುಗಿಯೇ ಬೇಡ ಅಂದಿದ್ದಳು. ಈ ಸಲ ಅವಳೇ ಬೇಕು ಅಂದಿದ್ದಳು.

ಮರುದಿನ ನಮ್ಮ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದವಳಿಗೆ ನಾನೇ ಕೇಳಿದೆ. "ಆ ಮಾತು ಮದುವೆ ಆದಮೇಲೆ ಹುಡುಗನ ಮುಂದ ಕೇಳಿದ್ರ ಆಗ್ತಿರಲಿಲ್ಲೇನು?"

"ಹುಡುಗ ಮನಸಿಗೆ ಬಂದಾನ್ರಿ ಅಕ್ಕಾರ" ಎಂದಳು, ತಲೆ ಎತ್ತದೆ. "ಫೋನಿನ್ಯಾಗ ಮಾತಾಡೀವಿ. ಭಾಳ ಛಲೋ ಅದಾನ. ಆದ್ರ ರೊಟ್ಟಿ ಬಡ್ಯಾಕ ಹಚ್ಚೋದು ಅಂವಲ್ಲ, ಮನಿ. ಅದಕ್ಕ ಮನಿಯವರ ಮುಂದನ ಕೇಳಿದೆ." ಇನ್ನೊಂದು ಬೂಟಿಗೆ ಕೈ ಹಾಕಿ ಅಂದಳು: "ಅವರು ಒಲ್ಲೆ ಅಂದ್ರ ನನಗ ಭಾಳ ಕೆಟ್ಟ ಅನಸ್ತೈತಿ."

ಅಂದವಳು ಅಳಲಿಲ್ಲ. ಲೇಸಿನ ಗಂಟು ಬಿಗಿದುಕೊಂಡಿತ್ತು, ಅದನ್ನೇ ಎಳೆಯುತ್ತ ಕೂತಳು.

ನನಗೆ ಅವತ್ತಿನಿಂದ ಆ ಭತ್ಯೆಯದೇ ಯೋಚನೆ. ನೋಡಿ, ಸರ್ಕಾರದ ಮೇಲೆ ನಮಗೆ ನೂರು ದೂರು ಇರಬಹುದು. ಆದರೆ ಒಬ್ಬರ ರಜೆ ಕಿತ್ತುಕೊಂಡರೆ ಅವರಿಗೇನೋ ನಷ್ಟವಾಗುತ್ತದೆ ಅನ್ನುವುದನ್ನು ಅದು ಒಪ್ಪಿಕೊಂಡಿದೆ. ಕೊಡುವುದು ಎಷ್ಟೇ ಚಿಲ್ಲರೆಯಾಗಿರಲಿ, ಆ ಚಿಲ್ಲರೆಯಲ್ಲಿ ಒಂದು ಒಪ್ಪಿಗೆ ಇದೆ. ಆ ದುಡ್ಡಿಗೆ ಹೋದ ನಿದ್ದೆ ಬರುವುದಿಲ್ಲ, ತಪ್ಪಿದ ಹಬ್ಬ ಬರುವುದಿಲ್ಲ, ಉಡಬೇಕಾಗಿದ್ದ ಸೀರೆ ಉಟ್ಟಂತಾಗುವುದಿಲ್ಲ. ದುಡ್ಡಿನ ಬದಲು ಆ ದಿನವನ್ನೇ ಕೊಡಿ ಅಂತ ಅವರು ಕೇಳುತ್ತಲೇ ಇದ್ದಾರೆ. ನಾವು ಕಟ್ಟೆಯ ಮೇಲೆ ಕೂತು "ಪೊಲೀಸರಿಗೇನ್ ಕಮ್ಮಿ ಬಿಡ್ರಿ" ಅನ್ನುತ್ತಲೇ ಇದ್ದೇವೆ.

ಮತ್ತೆ ಮನೆಗಳು? ಅಲ್ಲಿ ಒಪ್ಪಿಗೆಯೂ ಇಲ್ಲ, ಚಿಲ್ಲರೆಯೂ ಇಲ್ಲ.

ನಿನ್ನೆ ಮಧ್ಯಾಹ್ನ ಫೋನ್ ಬಂತು. ಗೊತ್ತಿಲ್ಲದ ನಂಬರು.

"ನಾ ಗೌರಮ್ಮ ರೀ, ಸಿಂಧನೂರಿಂದ. ಆ ತಂಗಿ ಇದ್ದಾಳೇನ್ರಿ?"

"ಡ್ಯೂಟಿಗೆ ಹೋಗ್ಯಾಳ್ರಿ" ಎಂದೆ. ಕೂತವಳು ಎದ್ದು ನಿಂತಿದ್ದೆ. ಮದುವೆ ನನ್ನದಲ್ಲ, ಆದರೂ.

"ಇರ್ಲಿ. ಆಕಿಗೆ ಮುಂದಿನ ರಜಾ ಯಾವತ್ತೈತಿ ಕೇಳಿ ಹೇಳ್ರಿ. ಉಡಿ ತುಂಬಾಕ ಬರ್ತೀವಿ. ಸೀರಿ ಉಟ್ಟಿದ್ರ ಛಲೋ, ಇಲ್ಲಾಂದ್ರ ಆ ಪ್ಯಾಂಟಿನ ಮ್ಯಾಲನ ಒಂದು ಸೆರಗು ಕಟ್ಟಿ ತುಂಬ್ತೀನಿ, ಬಿಡಂಗಿಲ್ಲ."

ನನಗೆ ಮಾತೇ ಹೊರಡಲಿಲ್ಲ. (ಅಮರಪ್ಪನ ನಂಬಿಕೆ ಅಲ್ಲೇ ಸುಳ್ಳಾಯಿತು.) ಕೊನೆಗೆ ಕೇಳಿದೆ. "ಮತ್ತ ಆಕಿ ಕೇಳಿದ ರಜಾ?"

"ಕೊಟ್ಟೀನ್ರಿ. ಆಕಿ ರಜಾ ದಿನ ಆಕಿ ಒಲಿ ಮುಂದ ಬರಂಗಿಲ್ಲ. ನಾನೂ ಬರಂಗಿಲ್ಲ. ನಮ್ಮ ವಿರೂಪಾಕ್ಷ ಅನ್ನ ಮಾಡಾಕ ಕಲ್ಯಾಕತ್ಯಾನ. ಮೊನ್ನೆ ಸೀದು ಕರಿ ಮಾಡಿದ್ದ, ಆಳುಗಳು ಸುಮ್ನ ಉಂಡ್ರು."

"ಸಾವ್ಕಾರ್ರು ಒಪ್ಪಿದ್ರಾ?"

"ಅವರಿಗೆ ನಾ ಒಂದ ಮಾತು ಕೇಳೀನಿ." ಗೌರಮ್ಮನ ದನಿಯಲ್ಲಿ ನಗು ತುಂಬಿತ್ತು. "ಆ ತಂಗಿ ಹೇಳಿದ್ಲಲ್ರಿ, ತಡಾ ಆದ್ರ ಹಿಂದಿಂದೆಲ್ಲಾ ಕೂಡಿಸಿ ಕೊಡ್ತಾರಂತ. ಅದಕ್ಕ ಏನಂತಾರ?"

"ಅರಿಯರ್ಸ್."

"ಹಾಂ, ಅದ. ಮದುವ್ಯಾಗಿ ನಿಮ್ಮ ಮನಿಗೆ ಬಂದಾಗಿಂದ ನನಗ ತಪ್ಪಿದ ರಜಾದ ಅರಿಯರ್ಸ್ ಎಷ್ಟಾಕ್ಕೈತಿ ಹಿಸಾಬ್ ಮಾಡಿ ಹೇಳ್ರಿ ಅಂದೆ. ಅವತ್ತಿಂದ ಸಾವ್ಕಾರ್ರು ಮಾತ ಆಡವಲ್ರು, ಇನ್ನಾ ಹಿಸಾಬ್ ಮಾಡಾಕತ್ಯಾರ."